ಭುಜ ಕೈಕೊಟ್ಟ ಮೇಲೆ ಬಿದ್ದ ವಿಕೆಟ್‌ಗಳು: ಗಾಯ, ವಯಸ್ಸು ಮತ್ತು ದೊಡ್ಡ ಆಟಗಾರನ ಎರಡನೇ ಇನಿಂಗ್ಸ್

ಬೆಂಗಳೂರು: ಹೆಬ್ಬಾಳದ ಮೇಲ್ಸೇತುವೆ ಇಳಿದು, ಯಲಹಂಕವನ್ನು ಹಿಂದಿಕ್ಕಿ ವಿಮಾನ ನಿಲ್ದಾಣದ ಕಡೆಗೆ ಸಾಗುವ ರಸ್ತೆ ಕಳೆದ ಕೆಲವು ವರ್ಷಗಳಲ್ಲಿ ಭಾರತೀಯ ಕ್ರೀಡೆಯ ಒಂದು ಮುಖ್ಯ ದಾರಿಯಾಗಿ ಮಾರ್ಪಟ್ಟಿದೆ. ವಿಮಾನ ನಿಲ್ದಾಣದ ಸಮೀಪ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು 40 ಎಕರೆ ಪ್ರದೇಶದಲ್ಲಿ ನಿರ್ಮಿಸಿರುವ 'ಸೆಂಟರ್ ಆಫ್ ಎಕ್ಸಲೆನ್ಸ್' 2024ರ ಸೆಪ್ಟೆಂಬರ್ 29ರಂದು ಉದ್ಘಾಟನೆಯಾಯಿತು. ಮೂರು ಮೈದಾನಗಳು, 45 ಅಭ್ಯಾಸ ಪಿಚ್‌ಗಳು, ಒಳಾಂಗಣ ಪಿಚ್‌ಗಳು, ಒಲಿಂಪಿಕ್ ಅಳತೆಯ ಈಜುಕೊಳ, ಕ್ರೀಡಾ ವಿಜ್ಞಾನದ ಸೌಲಭ್ಯಗಳು ಅಲ್ಲಿವೆ. ಯಲಹಂಕದ ಆಸುಪಾಸಿನಲ್ಲೇ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರವೂ ಇದೆ.

ಈ ಕೇಂದ್ರಗಳಿಗೆ ದೇಶದ ಹೆಸರಾಂತ ಆಟಗಾರರು ತರಬೇತಿಗಾಗಿ ಬರುತ್ತಾರೆ ಎಂಬುದು ಅರ್ಧ ಸತ್ಯ. ಅವರಲ್ಲಿ ಹಲವರು ಬರುವುದು ಮತ್ತೆ ಆಡುವಂತಾಗಲಿ ಎಂದು. ಬೆನ್ನು, ಮಂಡಿ, ತೊಡೆ, ಕಣಕಾಲು, ಭುಜ - ಹೀಗೆ ದೇಹದ ಒಂದಲ್ಲ ಒಂದು ಭಾಗ ಮುಷ್ಕರ ಹೂಡಿದಾಗ ಅವರಿಗೆ ಈ ರಸ್ತೆ ನೆನಪಾಗುತ್ತದೆ.

ದೇಹವನ್ನು ದುರಸ್ತಿ ಮಾಡುವ ವಿದ್ಯೆ ಈಗ ಬಹಳ ಮುಂದುವರಿದಿದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ದುರಸ್ತಿಯಾದ ದೇಹದೊಂದಿಗೆ ಹಿಂತಿರುಗುವ ಆಟಗಾರ ಹಳೆಯ ಆಟಗಾರನೇ ಆಗಿರುತ್ತಾನೆಯೇ? ಆಗಿರದಿದ್ದರೆ ಅವನು ಏನಾಗಬೇಕು? ಆ ಬದಲಾವಣೆಗೆ ಬೇಕಾದ ಕಾಲಾವಕಾಶವನ್ನು ಇಂದಿನ ಕ್ರಿಕೆಟ್ ಅವನಿಗೆ ಕೊಡುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಇಬ್ಬರು ಎಂಜಿನಿಯರ್ ಬೌಲರ್‌ಗಳ ಬಲಭುಜಗಳೇ ಸಾಕು.

ಮೈಸೂರು ಎಕ್ಸ್‌ಪ್ರೆಸ್ ನಿಂತ ವರ್ಷ

ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಕ್ರಿಕೆಟ್‌ಗೆ ಕಾಲಿಟ್ಟರು. ಆದರೆ ತವರು ನೆಲದಲ್ಲಿ ಮೊದಲ ಟೆಸ್ಟ್ ಆಡಲು ಅವರು 1994ರ ಕೊನೆಯವರೆಗೆ ಕಾಯಬೇಕಾಯಿತು. ಕಪಿಲ್ ದೇವ್ ಇನ್ನೂ ಆಡುತ್ತಿದ್ದರು. ಮೂವರು ಸ್ಪಿನ್ನರ್‌ಗಳನ್ನು ಕಣಕ್ಕಿಳಿಸುವುದು ತವರಿನ ಪದ್ಧತಿಯಾಗಿತ್ತು. ದೇಹ ಅತ್ಯಂತ ಕಸುವಿನಿಂದಿದ್ದ ವರ್ಷಗಳನ್ನು ಶ್ರೀನಾಥ್ ಹೆಚ್ಚಾಗಿ ಪೆವಿಲಿಯನ್‌ನಲ್ಲಿ ಕಳೆದರು.

ಕಪಿಲ್ ನಿವೃತ್ತರಾದ ಮೇಲೆ ಇಡೀ ಹೊರೆ ಒಮ್ಮೆಲೇ ಅವರ ಹೆಗಲೇರಿತು. 1996ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 21 ರನ್ನಿಗೆ 6 ವಿಕೆಟ್ ಕಿತ್ತಾಗ ದೇಶಕ್ಕೆ ಒಬ್ಬ ನಿಜವಾದ ವೇಗಿ ಸಿಕ್ಕಿದ ಸಂಭ್ರಮ. ಅದಾದ ಕೆಲವೇ ತಿಂಗಳಲ್ಲಿ, 1997ರಲ್ಲಿ, ಅವರ ಭುಜದ ರೊಟೇಟರ್ ಕಫ್ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಅವರ ಸ್ಥಾನಕ್ಕೆ ಹೋದವರು ಹೈದರಾಬಾದಿನ ಆಫ್ ಸ್ಪಿನ್ನರ್ ನೋಯೆಲ್ ಡೇವಿಡ್. ದೇಶದಲ್ಲಿ ಶ್ರೀನಾಥ್‌ಗೆ ಪರ್ಯಾಯ ಎಷ್ಟರಮಟ್ಟಿಗೆ ಇತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಶಸ್ತ್ರಚಿಕಿತ್ಸೆಯ ಬಳಿಕ ಅದೇ ವರ್ಷದ ಕೊನೆಗೆ ಅವರು ಮರಳಿದರು. ಗಾಯಗೊಂಡ ವೇಗಿಯ ಕಥೆ ಅಲ್ಲಿಗೆ ಇಳಿಮುಖವಾಗಬೇಕಿತ್ತು. ಆದರೆ ಅವರ ಟೆಸ್ಟ್ ಜೀವನದ ಅತ್ಯುತ್ತಮ ಪಂದ್ಯ ಬಂದಿದ್ದು ಅದರ ನಂತರ. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಅವರು 132 ರನ್ನಿಗೆ 13 ವಿಕೆಟ್ ಪಡೆದರು. ಎರಡನೇ ಇನಿಂಗ್ಸ್‌ನಲ್ಲಿ 86 ರನ್ನಿಗೆ 8. ಭಾರತ ಆ ಪಂದ್ಯ ಸೋತಿತೆಂಬ ಕಾರಣಕ್ಕೆ ಈ ಸಾಧನೆ ಸಾರ್ವಜನಿಕ ನೆನಪಿನಿಂದ ಮಸುಕಾಗಿದೆ.

ವಯಸ್ಸು ಮೂವತ್ತು ದಾಟಿದಂತೆ ಶ್ರೀನಾಥ್ ತಮ್ಮ ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡತೊಡಗಿದರು. 2002ರಲ್ಲಿ ಟೆಸ್ಟ್ ಕ್ರಿಕೆಟ್‌ನಿಂದ ಹಿಂದೆ ಸರಿದು, ನಾಯಕ ಸೌರವ್ ಗಂಗೂಲಿ ಅವರ ಒತ್ತಾಯಕ್ಕೆ ಮಣಿದು 2003ರ ವಿಶ್ವಕಪ್ ಆಡಿದರು. 33ನೇ ವಯಸ್ಸಿನಲ್ಲಿ ಆ ಕೂಟದಲ್ಲಿ 16 ವಿಕೆಟ್ ಪಡೆದದ್ದು ಸಣ್ಣ ಮಾತಲ್ಲ. ಆದರೆ ಆಸ್ಟ್ರೇಲಿಯಾ ವಿರುದ್ಧದ ಫೈನಲ್‌ನಲ್ಲಿ 10 ಓವರುಗಳಿಗೆ 87 ರನ್ ತೆತ್ತರು, ವಿಕೆಟ್ ಸಿಗಲಿಲ್ಲ. 67 ಟೆಸ್ಟ್‌ಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್‌ಗಳೊಂದಿಗೆ ಅವರ ಆಟ ಮುಗಿಯಿತು.

ಕುಂಬ್ಳೆಯ ಎರಡು ಜನ್ಮ

ಅನಿಲ್ ಕುಂಬ್ಳೆ ಅವರ ಪ್ರಕರಣ ಇನ್ನೂ ಕುತೂಹಲಕರವಾದುದು. 1999ರ ಫೆಬ್ರುವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕಬಳಿಸಿದಾಗ ಅವರ ವೃತ್ತಿಜೀವನ ಶಿಖರ ಮುಟ್ಟಿತೆಂದೇ ಎಲ್ಲರೂ ಭಾವಿಸಿದ್ದರು. ಮರುವರ್ಷದ ಕೊನೆಯ ಭಾಗದಲ್ಲಿ ಬಲಭುಜ ನಿಂತುಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಸುಮಾರು ಒಂದು ವರ್ಷ ಅವರು ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ದೂರ ಉಳಿದರು.

ಆ ಒಂದು ವರ್ಷ ಎಂತಹ ವರ್ಷ! 2001ರ ಮಾರ್ಚ್‌ನಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಿತ್ತು. ಕುಂಬ್ಳೆ ಇಲ್ಲದ ತಂಡದಲ್ಲಿ ಹರಭಜನ್ ಸಿಂಗ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದು ರಾತ್ರೋರಾತ್ರಿ ನಾಯಕನಟರಾದರು. ಒಬ್ಬ ಆಟಗಾರನ ಗಾಯ ಇನ್ನೊಬ್ಬನ ಬಾಗಿಲನ್ನು ತೆರೆಯುತ್ತದೆ. ತೆರೆದ ಬಾಗಿಲು ಮೊದಲಿನವನು ಹಿಂತಿರುಗಿದಾಗ ಅವನಿಗಾಗಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. 2001ರ ಅಕ್ಟೋಬರ್‌ನಲ್ಲಿ ಕುಂಬ್ಳೆ ಮರಳಿದಾಗ ತಂಡದ ಮೊದಲ ಸ್ಪಿನ್ನರ್ ಯಾರೆಂಬುದು ಚರ್ಚೆಯ ವಿಷಯವಾಗಿತ್ತು. 2003ರ ವಿಶ್ವಕಪ್‌ನಲ್ಲಿ ಅವರು ಬಹುತೇಕ ಪಂದ್ಯಗಳಲ್ಲಿ ಆಡುವ ಹನ್ನೊಂದರ ಹೊರಗೆ ಕುಳಿತರು.

ಇಲ್ಲಿ ಅಂಕಿ-ಅಂಶಗಳನ್ನು ಒಮ್ಮೆ ಗಮನಿಸಬೇಕು. ಕುಂಬ್ಳೆ ಅವರ 300ನೇ ಟೆಸ್ಟ್ ವಿಕೆಟ್ ಬಿದ್ದದ್ದು ಶಸ್ತ್ರಚಿಕಿತ್ಸೆಯ ನಂತರ, 2001ರ ಡಿಸೆಂಬರ್‌ನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. 400ನೆಯದು 2004ರಲ್ಲಿ ಅದೇ ಮೈದಾನದಲ್ಲಿ. 500ನೆಯದು 2006ರಲ್ಲಿ ಮೊಹಾಲಿಯಲ್ಲಿ, 600ನೆಯದು 2008ರ ಜನವರಿಯಲ್ಲಿ ಪರ್ತ್‌ನಲ್ಲಿ. ಅಂದರೆ ಅವರ ಒಟ್ಟು 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ವೈದ್ಯರು ಕತ್ತರಿಸಿ ಹೊಲಿದ ಭುಜದಿಂದ, 31ನೇ ವರ್ಷ ತುಂಬಿದ ಮೇಲೆ. 2004ರ ಒಂದೇ ವರ್ಷದಲ್ಲಿ 74 ವಿಕೆಟ್. ಕಪಿಲ್ ದೇವ್ ಅವರ 434 ವಿಕೆಟ್‌ಗಳ ಭಾರತೀಯ ದಾಖಲೆಯನ್ನು ಅವರು ಮುರಿದದ್ದೂ ಆ ವರ್ಷವೇ.

ಇದು ಕೇವಲ ಛಲದ ಕಥೆಯಲ್ಲ. ಮೊದಲಿನ ಕುಂಬ್ಳೆ ಸ್ಪಿನ್ನರ್‌ಗಳಲ್ಲಿ ವೇಗಿ. ಎತ್ತರದಿಂದ ಬಿರುಸಾಗಿ ಬೀಳುವ ಚೆಂಡು, ಪುಟಿದೊಡನೆ ನುಗ್ಗುವ ಫ್ಲಿಪ್ಪರ್, ಅನಿರೀಕ್ಷಿತವಾಗಿ ಮೇಲೇಳುವ ಟಾಪ್‌ಸ್ಪಿನ್ ಅವರ ಅಸ್ತ್ರಗಳಾಗಿದ್ದವು. ಬಿರುಕು ಬಿಟ್ಟ ಭಾರತದ ಪಿಚ್‌ಗಳಲ್ಲಿ ಅವು ಮಾರಕ. ಹೊರದೇಶದ ಗಟ್ಟಿ ಪಿಚ್‌ಗಳಲ್ಲಿ ಅಷ್ಟಾಗಿ ನಡೆಯುತ್ತಿರಲಿಲ್ಲ. ನಂತರದ ಕುಂಬ್ಳೆ ಗಾಳಿಯಲ್ಲಿ ಚೆಂಡನ್ನು ತುಸು ನಿಧಾನಗೊಳಿಸಿದರು. ಕ್ರೀಸಿನ ಅಗಲವನ್ನು ಬಳಸಿಕೊಂಡರು. ಗೂಗ್ಲಿಯನ್ನು ಒಂದೇ ವೇಗದಲ್ಲಿ ಹಾಕುವ ಬದಲು ವೇಗ ಬದಲಿಸುತ್ತ ಹಾಕಿದರು. ಬ್ಯಾಟ್ಸ್‌ಮನ್‌ನನ್ನು ಆತುರಕ್ಕೆ ಈಡುಮಾಡಿ ಕೆಡಹುತ್ತಿದ್ದವರು, ಯೋಚನೆಗೆ ಹಚ್ಚಿ ಕೆಡಹತೊಡಗಿದರು.

ಈ ಬದಲಾವಣೆ ಫಲ ಕೊಟ್ಟದ್ದು 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ. ಅಲ್ಲಿಯೂ ವಿಧಿಯ ಒಂದು ತಮಾಷೆಯಿದೆ. ಬೆರಳಿನ ಗಾಯದಿಂದ ಹರಭಜನ್ ಹೊರಬಿದ್ದ ಕಾರಣ ಅಡಿಲೇಡ್‌ನಲ್ಲಿ ಕುಂಬ್ಳೆಗೆ ಅವಕಾಶ ದೊರೆಯಿತು. ಮೂರು ವರ್ಷದ ಹಿಂದೆ ಯಾರ ಬಾಗಿಲನ್ನು ಅವರ ಗಾಯ ತೆರೆದಿತ್ತೋ, ಅವರ ಗಾಯವೇ ಈಗ ಇವರ ಬಾಗಿಲು ತೆರೆಯಿತು. ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್. ಸಿಡ್ನಿ ಒಂದರಲ್ಲೇ 12. ವಿದೇಶದಲ್ಲಿ ಕುಂಬ್ಳೆ ಪರಿಣಾಮಕಾರಿಯಲ್ಲ ಎಂಬ ಮಾತು ಆ ಬಳಿಕ ಅಷ್ಟಾಗಿ ಕೇಳಿಬರಲಿಲ್ಲ.

ಗಮನಿಸಬೇಕಾದ ಅಂಶ ಬೇರೊಂದಿದೆ. 2001ರ ಅಕ್ಟೋಬರ್‌ನಿಂದ 2003ರ ಡಿಸೆಂಬರ್‌ವರೆಗೆ ಎರಡು ವರ್ಷಕ್ಕೂ ಮೀರಿದ ಅವಧಿ. ಭುಜ ವಾಸಿಯಾಗಲು ಒಂದು ವರ್ಷ ಸಾಕಾಯಿತು. ಹೊಸ ಬೌಲರ್ ರೂಪುಗೊಳ್ಳಲು ಅದರ ಎರಡರಷ್ಟು ಕಾಲ ಬೇಕಾಯಿತು.

ಬ್ಯಾಂಡೇಜಿನ ಚಿತ್ರ ಮತ್ತು ಅದರ ಅಪಾಯ

ಕುಂಬ್ಳೆ ಮತ್ತು ಗಾಯ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಬೇರೆಯೇ ಚಿತ್ರ. 2002ರ ಮೇ ತಿಂಗಳು, ಆಂಟಿಗಾ. ಬ್ಯಾಟಿಂಗ್ ಮಾಡುವಾಗ ಮರ್ವ್ ಡಿಲ್ಲನ್ ಎಸೆತ ತಗುಲಿ ದವಡೆ ಮುರಿದಿತ್ತು. ತಲೆಯಿಂದ ಗದ್ದದವರೆಗೆ ಬ್ಯಾಂಡೇಜು ಸುತ್ತಿಕೊಂಡು ಮೈದಾನಕ್ಕಿಳಿದ ಕುಂಬ್ಳೆ ಸತತ 14 ಓವರ್ ಎಸೆದು ಬ್ರಯಾನ್ ಲಾರಾ ಅವರ ವಿಕೆಟ್ ಕಿತ್ತರು. ಬಳಿಕ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಿದರು.

ಆ ಧೈರ್ಯವನ್ನು ಯಾರೂ ಕಡಿಮೆ ಮಾಡಿ ನೋಡುವಂತಿಲ್ಲ. ಆದರೆ ಗಾಯದ ಕುರಿತ ನಮ್ಮ ಸಾರ್ವಜನಿಕ ಕಲ್ಪನೆಯನ್ನು ಆ ಒಂದು ಚಿತ್ರವೇ ಆಳುತ್ತಿದೆ. ನೋವು ನುಂಗಿ ಆಡಿದವನು ವೀರ, ಆಡದೆ ಕುಳಿತವನು ನಾಜೂಕಿನವನು ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತದೆ. ಕುಂಬ್ಳೆಯ 300ಕ್ಕೂ ಹೆಚ್ಚು ವಿಕೆಟ್‌ಗಳನ್ನು ಉಳಿಸಿದ್ದು ಆಂಟಿಗಾದ ಆ ಮಧ್ಯಾಹ್ನವಲ್ಲ. ಯಾರೂ ಛಾಯಾಚಿತ್ರ ತೆಗೆಯದ 2001ರ ತಿಂಗಳುಗಳು, ಭುಜಕ್ಕೆ ಮತ್ತೆ ಬಲ ತುಂಬಲು ಮಾಡಿದ ಏಕತಾನದ ವ್ಯಾಯಾಮಗಳು ಅವನ್ನು ಉಳಿಸಿದವು.

ಅದೇ ಭುಜ ಕೊನೆಯಲ್ಲಿ ಮತ್ತೆ ಸದ್ದು ಮಾಡಿತು. 2008ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮೊಹಾಲಿ ಟೆಸ್ಟ್‌ಗೆ ಭುಜದ ನೋವಿನಿಂದಾಗಿ ನಾಯಕ ಕುಂಬ್ಳೆ ಲಭ್ಯರಿರಲಿಲ್ಲ. ಮುಂದಿನ ದೆಹಲಿ ಟೆಸ್ಟ್‌ನಲ್ಲಿ ಕ್ಯಾಚ್ ಹಿಡಿಯುವ ಯತ್ನದಲ್ಲಿ ಎಡಗೈ ಬೆರಳು ಸೀಳಿ 11 ಹೊಲಿಗೆ ಬಿದ್ದವು. ನವೆಂಬರ್ 2ರಂದು ಅವರು ನಿವೃತ್ತಿ ಘೋಷಿಸಿದರು. ಹತ್ತು ವಿಕೆಟ್ ಪಡೆದ ಅದೇ ಕೋಟ್ಲಾ ಮೈದಾನದಲ್ಲಿ, 38ನೇ ವಯಸ್ಸಿನಲ್ಲಿ, ದೇಹ ಹೇಳಿದ ಮಾತನ್ನು ಅವರು ತಡಮಾಡದೆ ಕೇಳಿಸಿಕೊಂಡರು.

ದೇಹದೊಳಗೆ ನಡೆಯುವುದೇನು?

ಭುಜದ ಕೀಲು ಮನುಷ್ಯ ದೇಹದಲ್ಲೇ ಅತ್ಯಂತ ಹೆಚ್ಚು ದಿಕ್ಕುಗಳಲ್ಲಿ ತಿರುಗಬಲ್ಲ ಕೀಲು. ಆ ಸ್ವಾತಂತ್ರ್ಯಕ್ಕೆ ಅದು ತೆರುವ ಬೆಲೆ ಅಸ್ಥಿರತೆ. ತೋಳಿನ ಮೂಳೆಯ ತಲೆಯನ್ನು ಅದರ ಕುಳಿಯಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳು ಮತ್ತು ಅವುಗಳ ಸ್ನಾಯುರಜ್ಜುಗಳ ಗುಂಪಿಗೆ ರೊಟೇಟರ್ ಕಫ್ ಎನ್ನುತ್ತಾರೆ. ಸಾವಿರಾರು ಬಾರಿ ತೋಳು ತಿರುಗಿದಾಗ ಈ ರಜ್ಜುಗಳಲ್ಲಿ ಸಣ್ಣ ಸಣ್ಣ ಹರಿತಗಳು ಉಂಟಾಗುತ್ತವೆ. ರಕ್ತ ಸಂಚಾರ ಕಡಿಮೆಯಿರುವ ಭಾಗವಾದ್ದರಿಂದ ಅವು ಮಾಗುವುದು ನಿಧಾನ. ವಯಸ್ಸಾದಂತೆ ಇನ್ನೂ ನಿಧಾನ.

ವೇಗದ ಬೌಲರ್‌ನ ಬೆನ್ನಿನ ಕಥೆಯೂ ಇದೇ ತೆರನಾದುದು. ಮುಂಗಾಲನ್ನು ಊರುವ ಕ್ಷಣದಲ್ಲಿ ದೇಹತೂಕದ ಹಲವು ಪಟ್ಟು ಬಲ ನೆಲದಿಂದ ಹಿಂದಕ್ಕೆ ಬರುತ್ತದೆ. ಅದೇ ಕ್ಷಣದಲ್ಲಿ ಸೊಂಟ ಬಾಗಿ, ತಿರುಚಿಕೊಂಡಿರುತ್ತದೆ. ಬೆನ್ನುಮೂಳೆಯ ಕೆಳಭಾಗದಲ್ಲಿ ಕೂದಲೆಳೆಯಂತಹ ಬಿರುಕುಗಳು ಹುಟ್ಟುವುದು ಹೀಗೆ. ವಿಶ್ರಾಂತಿ ಸಿಕ್ಕರೆ ಮೂಳೆ ತನ್ನನ್ನು ತಾನೇ ಬೆಸೆದುಕೊಳ್ಳುತ್ತದೆ. ಸಿಗದಿದ್ದರೆ ಬಿರುಕು ಬೆಳೆಯುತ್ತದೆ.

ವಯಸ್ಸು ಮಾಡುವ ಕೆಲಸ ಇದಕ್ಕಿಂತ ಮೆಲುದನಿಯದು. ಮೂವತ್ತರ ನಂತರ ಚುರುಕು ಚಲನೆಗೆ ಬೇಕಾದ ಸ್ನಾಯುತಂತುಗಳು ಕ್ರಮೇಣ ಸೊರಗುತ್ತವೆ. ಒಂದು ರಾತ್ರಿಯಲ್ಲಿ ಹೋಗುತ್ತಿದ್ದ ದಣಿವಿಗೆ ಎರಡು ದಿನ ಬೇಕಾಗುತ್ತದೆ. ಗಾಯ ಸುದ್ದಿಯಾಗುತ್ತದೆ, ವಯಸ್ಸು ಸುದ್ದಿಯಾಗುವುದಿಲ್ಲ. ಒಂದರ ಹಿಂದೆ ಇನ್ನೊಂದು ಅಡಗಿರುವುದರಿಂದ ಯಾವುದು ಯಾವುದರ ಫಲ ಎಂದು ಹೇಳುವುದು ತಜ್ಞರಿಗೂ ಕಷ್ಟ.

ದೇಹದ ಕೊರತೆಯನ್ನೇ ಬಂಡವಾಳ ಮಾಡಿಕೊಂಡ ಉದಾಹರಣೆ ಕರ್ನಾಟಕದ ಕ್ರಿಕೆಟ್‌ಗೆ ಹೊಸದೇನಲ್ಲ. ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಗಿ ಸೊರಗಿತ್ತು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯುತ್ತಿದ್ದದ್ದು ಎಡಗೈಯಲ್ಲಿ; ಬೌಲಿಂಗ್ ಮಾತ್ರ ಅದೇ ಬಲಗೈಯಲ್ಲಿ. 1967-68ರ ಆಸ್ಟ್ರೇಲಿಯಾ ಪ್ರವಾಸದ ನಡುವೆ ಗಾಯಗೊಂಡು ಮರಳಿದ ಅವರು, ನಂತರದ ಸ್ಕೂಟರ್ ಅಪಘಾತವೂ ಸೇರಿ, 1971ರವರೆಗೆ ಟೆಸ್ಟ್ ಆಡಲಿಲ್ಲ. ಮರಳಿದ ವರ್ಷವೇ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಅವರ ಗಳಿಕೆ.

ಗಾಯವಿಲ್ಲದವನಿಗೂ ತಪ್ಪದ ಲೆಕ್ಕ

ದೊಡ್ಡ ಗಾಯಗಳನ್ನೇ ಕಾಣದ ಆಟಗಾರನ ಪಾಡೇನು? ರಾಹುಲ್ ದ್ರಾವಿಡ್ 1996ರ ಜೂನ್‌ನಲ್ಲಿ ಟೆಸ್ಟ್ ಪ್ರವೇಶ ಮಾಡಿದ ಬಳಿಕ 2005ರ ಡಿಸೆಂಬರ್‌ವರೆಗೆ ಭಾರತದ ಒಂದು ಟೆಸ್ಟ್ ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ಆ ಸರಣಿ ಮುರಿದದ್ದು ಸಹ ಹೊಟ್ಟೆಯ ತೊಂದರೆಯಿಂದ. ಅಂಥವರಿಗೂ 2007-08ರ ಸುಮಾರಿಗೆ ರನ್ನುಗಳು ಬತ್ತತೊಡಗಿದವು. 'ಗೋಡೆ'ಗೆ ಬಿರುಕು ಬಿಟ್ಟಿದೆ ಎಂದು ಪತ್ರಿಕೆಗಳು ಬರೆದವು.

2011ರಲ್ಲಿ 38ರ ಪ್ರಾಯದ ದ್ರಾವಿಡ್ ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್‌ಗಳಲ್ಲಿ ಮೂರು ಶತಕ ಸಹಿತ 461 ರನ್ ಹೊಡೆದರು. ತಂಡ ನಾಲ್ಕೂ ಪಂದ್ಯ ಸೋತ ಸರಣಿಯದು. ಆ ವರ್ಷ ಒಟ್ಟು 12 ಟೆಸ್ಟ್‌ಗಳಲ್ಲಿ 1,145 ರನ್. ಇಳಿವಯಸ್ಸಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ? ಆದರೆ ಕೆಲವೇ ತಿಂಗಳ ಬಳಿಕ ಆಸ್ಟ್ರೇಲಿಯಾದಲ್ಲಿ ಎಂಟು ಇನಿಂಗ್ಸ್‌ಗಳಲ್ಲಿ ಅವರ ರನ್ 194 ಮಾತ್ರ. ಅದರಲ್ಲಿ ಆರು ಬಾರಿ ಬೌಲ್ಡ್. ರಕ್ಷಣೆಯನ್ನೇ ಕಸುಬಾಗಿಸಿಕೊಂಡವನ ಬ್ಯಾಟು ಮತ್ತು ಪ್ಯಾಡಿನ ನಡುವೆ ಚೆಂಡು ದಾರಿ ಮಾಡಿಕೊಂಡಿತ್ತು. 2012ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರು ವಿದಾಯ ಹೇಳಿದರು.

ದ್ರಾವಿಡ್ ಪ್ರಕರಣ ತಿಳಿಸುವುದಿಷ್ಟು: ಇಳಿತವೆಂಬುದು ನೇರ ರೇಖೆಯಲ್ಲ. ಇಳಿದು, ಏರಿ, ಮತ್ತೆ ಥಟ್ಟನೆ ಇಳಿಯುತ್ತದೆ. ಆದ್ದರಿಂದಲೇ ಆಯ್ಕೆಗಾರರಿಗೂ ಆಟಗಾರನಿಗೂ ನಿರ್ಧಾರ ಇಷ್ಟು ಕಠಿಣ. 2008ರಲ್ಲೇ ದ್ರಾವಿಡ್ ಅವರನ್ನು ಬಿಟ್ಟಿದ್ದರೆ 2011 ಇರುತ್ತಿರಲಿಲ್ಲ.

ಅಮೆರಿಕದ ಎರಡು ಮೊಣಕೈಗಳು

ಎಸೆಯುವ ತೋಳಿನ ಮೇಲೆಯೇ ನಿಂತಿರುವ ಇನ್ನೊಂದು ಆಟ ಬೇಸ್‌ಬಾಲ್. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಸ್ಯಾಂಡಿ ಕೌಫ್ಯಾಕ್ಸ್ 1966ರಲ್ಲಿ 27 ಪಂದ್ಯ ಗೆದ್ದು ವೃತ್ತಿಯ ಉತ್ತುಂಗದಲ್ಲಿದ್ದಾಗ ನಿವೃತ್ತರಾದರು. ವಯಸ್ಸು ಕೇವಲ 30. ಮೊಣಕೈಯ ಸಂಧಿವಾತಕ್ಕೆ ಆಗ ಪರಿಹಾರವಿರಲಿಲ್ಲ.

ಎಂಟು ವರ್ಷಗಳ ಬಳಿಕ, 1974ರಲ್ಲಿ, ಅದೇ ತಂಡದ ಇನ್ನೊಬ್ಬ ಎಡಗೈ ಪಿಚರ್ ಟಾಮಿ ಜಾನ್ ಅವರ ಮೊಣಕೈಯ ಅಸ್ಥಿರಜ್ಜು ಹರಿಯಿತು. ವೈದ್ಯ ಫ್ರಾಂಕ್ ಜೋಬ್ ಅವರ ಬಲಗೈಯಿಂದ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು. 1975ನೇ ಇಸವಿಯನ್ನು ಪೂರ್ತಿಯಾಗಿ ಹೊರಗೆ ಕಳೆದ ಜಾನ್ 1976ರಲ್ಲಿ ಮರಳಿ 1989ರವರೆಗೆ, 46ನೇ ವಯಸ್ಸಿನವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ನಂತರದವು. ಕುಂಬ್ಳೆಯ ಲೆಕ್ಕವನ್ನು ನೆನಪಿಸುವ ಲೆಕ್ಕವಿದು. ಆ ಶಸ್ತ್ರಚಿಕಿತ್ಸೆಗೆ ಇಂದಿಗೂ ಜಾನ್ ಅವರದೇ ಹೆಸರು.

ಕೌಫ್ಯಾಕ್ಸ್ ಮತ್ತು ಜಾನ್ ನಡುವಿನ ವ್ಯತ್ಯಾಸ ಛಲದ್ದಲ್ಲ. ಮೊದಲಿಗೆ ಗಾಯದ ಬಗೆಯೇ ಬೇರೆ. ಎರಡನೆಯದಾಗಿ, ಒಬ್ಬರಿಗೆ ಸಿಗದ ವೈದ್ಯವಿದ್ಯೆ ಇನ್ನೊಬ್ಬರಿಗೆ ಸಿಕ್ಕಿತು, ಕಾಯುವ ತಂಡವೂ ಸಿಕ್ಕಿತು. ದೊಡ್ಡ ಆಟಗಾರನ ಆಯುಷ್ಯವನ್ನು ಅವನೊಬ್ಬನೇ ಬರೆಯುವುದಿಲ್ಲ.

ವಿಮಾನ ನಿಲ್ದಾಣದ ರಸ್ತೆಯಲ್ಲಿ ಈಗ

2000ದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಆರಂಭವಾದ ಮೇಲೆ ಪರಿಸ್ಥಿತಿ ಹಂತಹಂತವಾಗಿ ಬದಲಾಯಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿದ್ದ ಆ ಅಕಾಡೆಮಿಯ ಮುಂದುವರಿದ ರೂಪವೇ ವಿಮಾನ ನಿಲ್ದಾಣದ ಬಳಿಯ ಕೇಂದ್ರ. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ರಿಷಭ್ ಪಂತ್ ಬೆಂಗಳೂರಿನ ಅಕಾಡೆಮಿಯಲ್ಲೇ ದೀರ್ಘ ಪುನಶ್ಚೇತನ ಪಡೆದು 2024ರಲ್ಲಿ ಮರಳಿದರು. ಅದೇ ವರ್ಷ ಟೆಸ್ಟ್ ಶತಕವನ್ನೂ ಹೊಡೆದರು. ಕರ್ನಾಟಕದ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ತೊಡೆಯ ಗಾಯಕ್ಕೊಳಗಾಗಿ, ಶಸ್ತ್ರಚಿಕಿತ್ಸೆಯ ನಂತರ ಇಲ್ಲಿಯೇ ಸಿದ್ಧರಾಗಿ, ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ನ ತಮ್ಮ ಮೊದಲ ಪಂದ್ಯದಲ್ಲೇ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್ ಗಳಿಸಿದರು.

ಬ್ಯಾಡ್ಮಿಂಟನ್‌ನಲ್ಲೂ ಈ ಭಾಗಕ್ಕೆ ಪಾತ್ರವಿದೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎಡ ಕಣಕಾಲಿನ ಒತ್ತಡದ ಬಿರುಕಿನೊಂದಿಗೇ ಚಿನ್ನ ಗೆದ್ದ ಪಿ.ವಿ. ಸಿಂಧು ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿಸಿಕೊಂಡರು. ಮುಂದಿನ ವರ್ಷ ಫಲಿತಾಂಶಗಳು ಕುಸಿದಾಗ ಅವರು ಮಾರ್ಗದರ್ಶನಕ್ಕಾಗಿ ಬಂದದ್ದು ಪ್ರಕಾಶ್ ಪಡುಕೋಣೆ ಅವರಲ್ಲಿಗೆ. ಶರವೇಗದ ಹೊಡೆತಗಳ ಆಟವನ್ನು ತಾಳ್ಮೆಯ ಆಟವಾಗಿ ಬದಲಿಸುವುದು ಆ ವಯಸ್ಸಿನಲ್ಲಿ ಎಷ್ಟು ಕಠಿಣ ಎಂಬುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪ್ರೀ ಕ್ವಾರ್ಟರ್ ಫೈನಲ್ ಸೋಲು ತೋರಿಸಿತು.

ಹೊಸ ವ್ಯವಸ್ಥೆಯ ಶಕ್ತಿ ಮತ್ತು ಮಿತಿ ಎರಡನ್ನೂ ಒಟ್ಟಿಗೆ ಕಾಣಬೇಕಾದರೆ ಜಸ್‌ಪ್ರೀತ್ ಬೂಮ್ರಾ ಅವರತ್ತ ನೋಡಬೇಕು. 2022ರಲ್ಲಿ ಬೆನ್ನುನೋವಿನಿಂದ ಏಷ್ಯಾ ಕಪ್ ತಪ್ಪಿಸಿಕೊಂಡ ಅವರು ಸೆಪ್ಟೆಂಬರ್‌ನಲ್ಲಿ ಮರಳಿ, ಕೂಡಲೇ ಮತ್ತೆ ಹೊರಬಿದ್ದರು. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ, ಬೆಂಗಳೂರಿನಲ್ಲಿ ಪುನಶ್ಚೇತನ, ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ಪುನರಾಗಮನ. ನಂತರದ್ದು ಅವರ ವೃತ್ತಿಯ ಅತ್ಯಂತ ಉಜ್ವಲ ಅಧ್ಯಾಯ: 2024ರ ಟಿ-20 ವಿಶ್ವಕಪ್‌ನ ಸರಣಿ ಶ್ರೇಷ್ಠ ಪ್ರಶಸ್ತಿ, 2024-25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ 32 ವಿಕೆಟ್.

ಆದರೆ ಆ ಪ್ರವಾಸದಲ್ಲಿ ಅವರು ಎಸೆದದ್ದು 150ಕ್ಕೂ ಹೆಚ್ಚು ಓವರ್. 2025ರ ಜನವರಿಯ ಸಿಡ್ನಿ ಟೆಸ್ಟ್‌ನ ಎರಡನೇ ಇನಿಂಗ್ಸ್‌ನಲ್ಲಿ ಬೆನ್ನು ಸೆಟೆದು ಅವರು ಚೆಂಡು ಹಿಡಿಯಲಾಗಲಿಲ್ಲ. ಚಾಂಪಿಯನ್ಸ್ ಟ್ರೋಫಿ ತಪ್ಪಿತು. ಆ ಬೇಸಿಗೆಯ ಇಂಗ್ಲೆಂಡ್ ಪ್ರವಾಸಕ್ಕೆ ಮೊದಲೇ ಲೆಕ್ಕ ಹಾಕಿ ಐದರಲ್ಲಿ ಮೂರು ಟೆಸ್ಟ್ ಮಾತ್ರ ಆಡಿಸಲಾಯಿತು. ಐದೂ ಟೆಸ್ಟ್ ಆಡಿ 23 ವಿಕೆಟ್ ಪಡೆದ ಮೊಹಮ್ಮದ್ ಸಿರಾಜ್ ಅವರೊಂದಿಗೆ ಹೋಲಿಸಿ ಬೂಮ್ರಾ ಅವರನ್ನು ಟೀಕಿಸಿದವರು ಕಡಿಮೆಯೇನಿಲ್ಲ. ಬ್ಯಾಂಡೇಜಿನ ಚಿತ್ರದ ನೆರಳು ಆ ಟೀಕೆಗಳ ಮೇಲಿತ್ತು.

ಬೂಮ್ರಾ ಅವರದು ಕುಂಬ್ಳೆ ತುಳಿದ ದಾರಿಯಲ್ಲ. ಕುಂಬ್ಳೆ ತಮ್ಮ ಬೌಲಿಂಗ್ ಬದಲಿಸಿಕೊಂಡು ಹೆಚ್ಚು ಆಡಿದರು. ಬೂಮ್ರಾ ಬೌಲಿಂಗ್ ಬದಲಿಸದೆ ಕಡಿಮೆ ಆಡುತ್ತಿದ್ದಾರೆ. ಸ್ಪಿನ್ನರ್‌ಗೆ ಇರುವ ಆಯ್ಕೆ ವೇಗಿಗೆ ಇಲ್ಲವೆಂಬುದೂ ನಿಜ. ಇವೆರಡರಲ್ಲಿ ಯಾವುದು ಸರಿ ಎಂಬುದಕ್ಕಿಂತ, ಮೊದಲಿನ ದಾರಿ ಇಂದಿನ ಆಟಗಾರನಿಗೆ ತೆರೆದಿದೆಯೇ ಎಂಬುದು ಮುಖ್ಯ ಪ್ರಶ್ನೆ.

ಕಟ್ಟಡ ಸಿಕ್ಕಿತು, ಕಾಲ?

ಕುಂಬ್ಳೆ ಕಾಲದಲ್ಲಿ ಸೌಲಭ್ಯವಿರಲಿಲ್ಲ, ಸಮಯವಿತ್ತು. ಈಗ ಸೌಲಭ್ಯವಿದೆ, ಸಮಯವಿಲ್ಲ. ಟೆಸ್ಟ್, ಏಕದಿನ, ಟಿ-20 ಮತ್ತು ಐಪಿಎಲ್‌ಗಳ ನಡುವೆ ವರ್ಷದ ಬಹುಪಾಲು ಹಂಚಿಹೋಗಿದೆ. ಪುನಶ್ಚೇತನದ ಗುರಿಯನ್ನು ಗಾಯ ನಿಗದಿಪಡಿಸುವ ಬದಲು ಮುಂದಿನ ದೊಡ್ಡ ಟೂರ್ನಿಯ ದಿನಾಂಕ ನಿಗದಿಪಡಿಸುವ ಅಪಾಯ ಸದಾ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಟಿ-20 ವಿಶ್ವಕಪ್ ಹೊಸ್ತಿಲಲ್ಲಿರುವಾಗ ಬೂಮ್ರಾ ಮರಳಿದ್ದು, ಮರಳಿದೊಡನೆ ಬಿದ್ದದ್ದು ಇದಕ್ಕೆ ಸಾಕ್ಷಿ.

ಕೇಂದ್ರದ ವೈದ್ಯಕೀಯ ತಂಡ 'ಆಡಲು ಸಮರ್ಥ' ಎಂದು ಪ್ರಮಾಣೀಕರಿಸಬಹುದು. ಆ ಪ್ರಮಾಣಪತ್ರ ಹೇಳುವುದು ದೇಹದ ಬಗ್ಗೆ ಮಾತ್ರ. ಹೊಸ ದೇಹಕ್ಕೆ ಒಗ್ಗುವ ಹೊಸ ಆಟವನ್ನು ಕಲಿಯುವುದು ಪಂದ್ಯಗಳಲ್ಲಿ - ಅದೂ ಸೋತರೆ ದೇಶ ಹೊತ್ತಿ ಉರಿಯದಂಥ ರಣಜಿ ಪಂದ್ಯಗಳಲ್ಲಿ, ಆಟಗಾರ ನಿಶ್ಚಿಂತೆಯಿಂದ ಪ್ರಯೋಗ ಮಾಡಬಹುದಾದ ಕಡೆ. ಗಾಯದಿಂದ ಮರಳುವ ಹಿರಿಯ ಆಟಗಾರನಿಗೆ ಒಂದೆರಡು ದೇಶೀಯ ಪಂದ್ಯಗಳನ್ನು ಪರೀಕ್ಷೆಯಂತೆ ಆಡಿಸುವ ಬದಲು, ಒಂದು ಋತುವನ್ನೇ ಬಿಟ್ಟುಕೊಡುವ ಪದ್ಧತಿ ಬಂದರೆ ಈ 40 ಎಕರೆ ಇನ್ನಷ್ಟು ಸಾರ್ಥಕವಾದೀತು.

ಇನ್ನೊಂದು ಸಂಗತಿ ನಗರದ ಹೆತ್ತವರಿಗೆ ನೇರವಾಗಿ ಸಂಬಂಧಿಸಿದ್ದು. ಆರ್.ಟಿ. ನಗರ, ಯಶವಂತಪುರ, ಯಲಹಂಕದ ಮೈದಾನಗಳಲ್ಲಿ ಬೆಳಗಿನ ಜಾವ ಬೌಲಿಂಗ್ ಮಾಡುವ ಹದಿನಾಲ್ಕರ ಹುಡುಗ ಅದೇ ವಾರ ಶಾಲಾ ತಂಡಕ್ಕೆ, ಕ್ಲಬ್ಬಿಗೆ, ಖಾಸಗಿ ಅಕಾಡೆಮಿಗೆ ಆಡುತ್ತಿರಬಹುದು. ಅವನು ವಾರಕ್ಕೆ ಒಟ್ಟು ಎಷ್ಟು ಓವರ್ ಎಸೆದ ಎಂದು ಕೂಡಿಸಿ ನೋಡುವವರು ಯಾರು? ಇಂಗ್ಲೆಂಡ್‌ನಲ್ಲಿ ಎಳೆಯ ವೇಗದ ಬೌಲರ್‌ಗಳು ಒಂದು ಸ್ಪೆಲ್‌ನಲ್ಲಿ, ಒಂದು ದಿನದಲ್ಲಿ ಎಷ್ಟು ಓವರ್ ಎಸೆಯಬಹುದು ಎಂಬುದಕ್ಕೆ ವಯಸ್ಸಿಗೆ ಅನುಗುಣವಾದ ಮಿತಿಯಿದೆ. ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು 2014ರಲ್ಲಿ ಮಕ್ಕಳ ಎಸೆತಗಳ ಸಂಖ್ಯೆಗೆ ಮಾರ್ಗಸೂಚಿ ತಂದವು. 17-18ರ ಪ್ರಾಯದವರಿಗೂ ದಿನಕ್ಕೆ 105 ಎಸೆತಗಳ ಮಿತಿ. ಬೆನ್ನಿನ ಬಿರುಕನ್ನು ಬೆಸೆಯುವ ಕೇಂದ್ರ ಊರ ಉತ್ತರಕ್ಕಿದೆ ಎಂಬ ಧೈರ್ಯದಿಂದ, ಬಿರುಕು ಬರದಂತೆ ನೋಡಿಕೊಳ್ಳುವ ಹೊಣೆಯನ್ನು ಊರಿನ ಮೈದಾನಗಳು ಮರೆಯಬಾರದು.

ಶ್ರೀನಾಥ್ ಇಪ್ಪತ್ತರ ಹರೆಯದಲ್ಲಿ ಬೆಂಚಿನ ಮೇಲೆ ಕುಳಿತು, ನಂತರ ಒಮ್ಮೆಲೇ ದುಡಿದು ಭುಜ ಕಳೆದುಕೊಂಡರು. ಕುಂಬ್ಳೆ ಭುಜ ಕಳೆದುಕೊಂಡು, ಕಾದು, ಬದಲಾಗಿ 619ಕ್ಕೆ ತಲುಪಿದರು. ಇಬ್ಬರ ಬದುಕಿನಲ್ಲೂ ತೂಗಿದ್ದು ಒಂದೇ ಪ್ರಶ್ನೆ: ಯಾವ ಕೆಲಸವನ್ನು ಯಾವಾಗ ದೇಹಕ್ಕೆ ಹೇಳಬೇಕು, ಯಾವಾಗ ಬಿಡಬೇಕು. ಇಂದು ಆ ಪ್ರಶ್ನೆಗೆ ಯಂತ್ರಗಳು, ವೈದ್ಯರು, ವಿಶ್ಲೇಷಕರು ನಿಖರವಾದ ಉತ್ತರ ಕೊಡಬಲ್ಲರು. ಆ ಉತ್ತರ 'ಇನ್ನೂ ಆರು ತಿಂಗಳು ಕಾಯಿರಿ' ಎಂದಾಗ ಅದನ್ನು ಕೇಳಿಸಿಕೊಳ್ಳುವ ಕಿವಿ ಆಯ್ಕೆಗಾರರಿಗೆ, ಫ್ರಾಂಚೈಸಿಗಳಿಗೆ ಮತ್ತು ಟಿಕೆಟ್ ಕೊಂಡು ಕುಳಿತ ಪ್ರೇಕ್ಷಕರಿಗೆ ಇದೆಯೇ ಎಂಬುದರ ಮೇಲೆ ಮುಂದಿನ ಕುಂಬ್ಳೆಯ ಎರಡನೇ ಮುನ್ನೂರು ವಿಕೆಟ್‌ಗಳು ನಿಂತಿವೆ.